ಎರಡನೇ ಚುಚ್ಚು

ಆಲೂರು ಬಿಟ್ಟು ನಾಗಪುರ ಸೇರಿ ಎಷ್ಟೋ ಕಾಲವಾಯಿತು, ಆ ಕ್ಯಾಮೆರಾದವನ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ನಾನಾಗ ನರ್ಸು. ಹೊಂಗಡಹಳ್ಳದ ಕಡೆಯ ಕಾಫಿ ಎಸ್ಟೇಟಿನ ಕೂಲಿಗಳ ಸಾಲುಮನೆಗಳ ಲೈನಿನಲ್ಲಿ ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕುವುದನ್ನು ಸಿನಿಮಾ ತೆಗೆಯಲು ಅವನು ಬಂದಿದ್ದ.

ಮರದ ನೆರಳಿನಲ್ಲಿ ಗೌರಿಯ ಕೂಸಿನ ತೋಳಿಗೆ ಲಸಿಕೆ ಹಾಕಿದೆ. ಕೂಸು ಕಿರುಚಿತು. ಅವನು ಕ್ಯಾಮೆರಾದಿಂದ ಕಣ್ಣು ತೆಗೆದು, "ನಿಮ್ಮ ಬಿಳಿ ಸೀರೆ ನೋಡಿ ಬೆಳಕು ಹೊಂದಿಸಿಬಿಟ್ಟೆ ಸಿಸ್ಟರ್, ಮಗುವಿನ ಮುಖ ಕಪ್ಪಾಗುತ್ತೆ. ಬೆಳಕು ಹೆಚ್ಚು ಬರಲಿ ಅಂತ ಈಗ ಶಟರ್ ನಿಧಾನ ಮಾಡಿದ್ದೀನಿ. ಚಿತ್ರ ಕದಡದ ಹಾಗೆ ನೀವೂ ಕೈ ನಿಧಾನ ಮಾಡಿ ಇನ್ನೊಂದ್ಸಲ ಚುಚ್ಚಿ" ಎಂದ.

"ಚುಚ್ಚಿದ ಹಾಗೆ ಮಾಡಿದರೆ ಸಾಲದೇ?"

"ಆಗ ಅಳು ನಿಜವಾಗಿ ಬರಲ್ಲವಲ್ಲ!"

ಗೌರಿ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. "ಒಂದ್ಸಲ ಆಗೋಗೈತೆ ಕಣವ್ವ. ಇವ್ರ ಡಬ್ಬಿಗೆ ಕಣ್ಣು ಕಾಣ್ದಿದ್ರೆ ನನ್ ಮಗೀಗ್ಯಾಕೆ ಚುಚ್ಚಬೇಕು?"

"ಸುಮ್ನಿರೇ, ಸರ್ಕಾರದ ಕೆಲಸ" ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗದರಿದ. ಉಳಿದ ತಾಯಂದಿರು ಮಕ್ಕಳನ್ನೆತ್ತಿಕೊಂಡು ಆಗಲೇ ಹಿಂದೆ ಸರಿಯುತ್ತಿದ್ದರು. ಮನೆಮನೆಗೆ ಹೋಗಿ ಬೇಡಿಕೊಂಡು ನಾನು ಕರೆತಂದವರು ಅವರು.

ನನಗೆ ಮೈಯೆಲ್ಲ ಉರಿದುಹೋಯಿತು. "ಸ್ವಾಮಿ, ನಿಮ್ಮ ತೋಳು ಕೊಡಿ. ಬೆಳಕು ಸರಿಹೋಗುವವರೆಗೂ ನಿಮಗೇ ಚುಚ್ಚುತ್ತೀನಿ, ಕ್ಯಾಮೆರಾ ರೈಟರ್ ಹಿಡಿದುಕೊಳ್ಳಲಿ" ಎಂದು ಸೂಜಿ ಹಿಡಿದೇ ಅವನತ್ತ ನಡೆದೆ.

ಹೆಂಗಸರು ಘೊಳ್ಳೆಂದು ನಕ್ಕರು. ಹಿಂದೆ ಸರಿದವರು ಮತ್ತೆ ಬಂದು ಕೂತರು. ಅವನು ಮಡಿಸಿದ್ದ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡ. ಮೊದಲು ತೆಗೆದದ್ದರಲ್ಲೇ ಬೆಳಕು ಬೇಕಾದಷ್ಟಿದೆಯೆಂದು ಅವನಿಗೆ ಆಗ ಹೊಳೆಯಿತಂತೆ.