ಉಡಿ ತುಂಬಿಸಿಕೊಂಡು ಕಡಲಿಗೆ

ಭಾನುವಾರ ನಸುಕಿನಲ್ಲೇ ಮಾನ್ವಿ ಬಿಟ್ಟೆವು. ಬಾಡಿಗೆ ಟೆಂಪೊದಲ್ಲಿ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು, ಅವರ ಅಕ್ಕತಂಗಿಯರು ಸೇರಿ ಹತ್ತು ಹೆಂಗಸರು; ಜೊತೆಗೆ ಟೀಚರಾದ ನಾನು. ಕಾರವಾರದ ಹತ್ತಿರದ ಬಿಳಿ ಮರಳಿನ ತೀರದಲ್ಲಿ ಸೂರ್ಯ ಮುಳುಗುವುದನ್ನು ನೋಡಿ ರಾತ್ರಿಯೇ ತಿರುಗುವುದೆಂದು ಮಾತಾಗಿತ್ತು. ಸೋಮವಾರ ಮಕ್ಕಳಿಗೆ ಅನ್ನ ಮಾಡುವವರು ಇವರೇ. ಕಟ್ಟಿಕೊಂಡ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ವಾರಕ್ಕಾಗುವಷ್ಟಿತ್ತು.

ಹೊರಟಿದ್ದು ಅಡುಗೆಯ ಹುಲಿಗೆಮ್ಮನಿಗಾಗಿ. ಬೆಳಕು ಕಡಿಮೆಯಾದರೆ ಅವಳಿಗೆ ಏನೂ ಕಾಣುವುದಿಲ್ಲ, ಚಿಕ್ಕಂದಿನಿಂದಲೂ ಹಾಗೆ. ಈಗ ಹಗಲಿನ ನೋಟವೂ ಹೋಗುತ್ತಿದೆ; ಬರುವ ಬೇಸಿಗೆಯವರೆಗೆ ಉಳಿದರೆ ಹೆಚ್ಚು ಎಂದು ರಾಯಚೂರಿನ ಕಣ್ಣಿನ ಡಾಕ್ಟರು ಹೇಳಿದ್ದರು. "ಟೀಚರ್, ಕಣ್ಣ ಹೋಗೂದ್ರಾಗ ಒಮ್ಮಿ ಸಮುದ್ರ ತೋರಿಸ್ರಿ" ಎಂದಿದ್ದಳು.

ಸಿಂಧನೂರಿನಲ್ಲಿ ಒಬ್ಬರ ಬೀಗರು ಚಹಾಕ್ಕೆ ಇಳಿಸಿಕೊಂಡರು. ನಮ್ಮ ಕಡೆ ಬೀಗರ ಊರು ದಾಟುವಾಗ ಅವರ ಹೊಸ್ತಿಲು ತುಳಿಯದಿದ್ದರೆ ಆ ಮಾತು ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ಗದಗಿನಲ್ಲಿ ಹುಲಿಗೆಮ್ಮನ ತಂಗಿ ಎಲ್ಲರಿಗೂ ಉಡಿ ತುಂಬಲು ನಿಂತಳು. ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ, ಒಬ್ಬೊಬ್ಬರ ಸೆರಗಿಗೂ. ಬಟ್ಟೆ ಸಾಲದೆ ಅವಳ ಗಂಡ ಪೇಟೆಗೆ ಓಡಿದ.

"ಹೊತ್ತಾಗಾಕತ್ತದ, ಏಳ್ರಿ" ಅಂದೆ.

"ಉಡಿ ಬ್ಯಾಡ ಅಂತಾರೇನ್ರಿ ಟೀಚರ್? ನನ್ನ ತಂಗಿ ಮನಸ್ಸ ನೊಯ್ತದ" ಎಂದು ಹುಲಿಗೆಮ್ಮನೇ ಅಂದಳು. ಸೆರಗೊಡ್ಡಿ ಕೂತವಳನ್ನು ಎಬ್ಬಿಸಲು ನನಗೂ ಧೈರ್ಯ ಬರಲಿಲ್ಲ.

ಹುಬ್ಬಳ್ಳಿಯಲ್ಲಿ ಮತ್ತೊಂದು ಮನೆ, ಮಂಡಕ್ಕಿ, ಮಿರ್ಚಿ. ಯಲ್ಲಾಪುರ ದಾಟಿ ಘಟ್ಟ ಇಳಿಯುವಾಗ ಬಿಸಿಲು ಮರಗಳ ತುದಿಗೆ ಏರಿತ್ತು. ಹುಲಿಗೆಮ್ಮ ಕಿಟಕಿಗೆ ಮುಖವಿಟ್ಟು ಆ ಬಿಸಿಲನ್ನೇ ನೋಡುತ್ತ ಕೂತಳು. "ಮದುವಿ ಗದ್ದಲದಾಗ ತಾಳಿ ಕಟ್ಟೂದ ಮರ್ತಂಗಾತು ನಿಮ್ದು" ಎಂದು ಡ್ರೈವರ್ ಗೊಣಗಿದ.

ತೀರಕ್ಕೆ ಇಳಿದಾಗ ಸೂರ್ಯ ಹೋಗಿಬಿಟ್ಟಿದ್ದ. ನೀರಿನ ಅಂಚಿನಲ್ಲಿ ತುಸು ಕೆಂಪು ಇತ್ತು. ಉಳಿದವರಿಗೆ ಅಷ್ಟಾದರೂ ಕಂಡಿತು. ಹುಲಿಗೆಮ್ಮ ನನ್ನ ಕೈ ಬಿಗಿಯಾಗಿ ಹಿಡಿದು ನಡೆದಳು.

"ಬೆಳಕು ಇನ್ನಾ ಅದ ಏನ್ರಿ?"

"ಸ್ವಲ್ಪ ಅದ."

"ನನಗಿಲ್ಲ" ಅಂದಳು.

ಅಲೆ ಪಾದಕ್ಕೆ ತಾಗಿದಾಗ ಬೆಚ್ಚಿ ಹಿಂದೆ ಸರಿದಳು. "ಇನ್ನೊಮ್ಮಿ ಬರೂಣಂತ ಬಿಡ ಯಕ್ಕಾ" ಎಂದು ಜೊತೆಯವಳೊಬ್ಬಳು ಅಂದಳು. ಅದು ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು, ನನ್ನ ಮೇಲೂ. ಬೈಯುವುದಾದರೂ ಯಾರನ್ನು? ಪ್ರೀತಿಯಿಂದ ಉಡಿ ತುಂಬಿದವಳನ್ನೇ?

ಸೋಮವಾರ ಸಿಂಧನೂರು ದಾಟುವಾಗ ಚೆನ್ನಾಗಿ ಬಿಸಿಲು ಬಿದ್ದಿತ್ತು. ಹುಲಿಗೆಮ್ಮ ಕಾಲನ್ನು ಸೀಟಿನ ಮೇಲಿಟ್ಟು, ಹಿಮ್ಮಡಿಗೆ ಅಂಟಿದ್ದ ಮರಳನ್ನು ಬೆರಳಿಗೆ ಹತ್ತಿಸಿಕೊಂಡು ಕಣ್ಣ ಹತ್ತಿರ ಹಿಡಿದಳು.

"ಖರೇನ ಬೆಳ್ಳಗ ಅದರಿ. ಸಮುದ್ರ ಹ್ಯಾಂಗಿತ್ರಿ ಟೀಚರ್?"

ಹೇಳಲು ಬಾಯಿ ತೆರೆದೆ. ಅಲ್ಲಿದ್ದಷ್ಟು ಹೊತ್ತೂ ನಾನು ನೋಡಿದ್ದು ಅವಳ ಮುಖವನ್ನೇ.