ಮಹಾರಾಯಿತಿಗೆ ದೀಪ ಇಟ್ಟ ಕಥೆ

ನಮ್ಮ ಅತ್ತೆ ಯಾರನ್ನೂ ನಂಬುವವಳಲ್ಲ. ಡಾಕ್ಟರು ಎರಡು ಮಾತ್ರೆ ಬರೆದರೆ ಒಂದನ್ನು ನುಂಗಿ, ಇನ್ನೊಂದನ್ನು ಅನುಮಾನದ ಮೇಲೆ ಡಬ್ಬಿಯಲ್ಲಿ ಇಡುತ್ತಾಳೆ. ಬಟ್ಟೆಯಂಗಡಿಯವನು ಬಣ್ಣ ಹೋಗುವುದಿಲ್ಲ ಅಂದರೆ ಅವನ ಕಣ್ಣೆದುರಿಗೇ ಬಟ್ಟೆಯ ಮೂಲೆಯನ್ನು ನೀರಿಗೆ ಅದ್ದಿ, ತನ್ನ ಬಿಳಿ ಕರವಸ್ತ್ರಕ್ಕೆ ಉಜ್ಜಿ ನೋಡುತ್ತಾಳೆ. ಕಟ್ಟಿಕೊಂಡ ಗಂಡ ಹೊರಗೆ ಮಳೆ ಬರುತ್ತಿದೆ ಅಂದರೂ ಕಿಟಕಿಯಿಂದ ಕೈ ಚಾಚಿ ಖಾತ್ರಿ ಮಾಡಿಕೊಳ್ಳುತ್ತಾಳೆ. ಇಂಥ ಹೆಂಗಸು ಫೋನಿನೊಳಗಿನ ಒಂದು ಮುಖ ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ನಂಬಿದಳು ಅಂದರೆ ಯಾರಿಗೆ ನಗು ಬರುವುದಿಲ್ಲ ಹೇಳಿ. ನಾವೂ ನಗುತ್ತೇವೆ, ಅವಳು ಆ ಕಡೆ ತಿರುಗಿದಾಗ.

ಅತ್ತೆಯ ಕಸುಬು ಪರದೆ ಹೊಲಿಯುವುದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಉದ್ದನೆಯ ಮೇಜು, ಎರಡು ಮೆಷಿನ್ನು, ಗೋಡೆಗೆ ಒರಗಿಸಿದ ಥಾನುಗಳು, ಹೊಲಿಗೆ ಕಾಣಲು ಕತ್ತು ಬಗ್ಗಿಸುವ ಒಂದು ದೀಪ. ನಾನು ಅವಳ ಅಣ್ಣನ ಮಗಳು. ಅವಳು ಹೊಲಿದದ್ದನ್ನು ತೂಗುಹಾಕುವುದು ನನ್ನ ಪಾಲಿನ ಕೆಲಸ. ಡ್ರಿಲ್ ಹಿಡಿದು ಮನೆಮನೆಗೆ ಹೋಗಿ, ಏಣಿ ಹತ್ತಿ, ಗೋಡೆ ಕೊರೆದು ಕಂಬಿ ಕೂರಿಸುತ್ತೇನೆ. ಕಂಬಿ ಒಂದು ಕೂದಲೆಳೆ ಓರೆಯಾದರೂ ಅತ್ತೆ ಬಂದು ಬಾಗಿಲಲ್ಲಿ ನಿಂತು, "ಗೋಡೆ ಓರೆನೋ, ನೀನು ಓರೆನೋ?" ಅಂತ ಮನೆಯವರ ಮುಂದೆಯೇ ಕೇಳುತ್ತಾಳೆ.

ನಮ್ಮ ಮನೆಗೆ ಒಂದು ಜೇಡ ಬಂದದ್ದು ಮೇಲಿನ ಕೋಣೆಯ ಬಾಡಿಗೆಯವನಿಂದ. ಬೇರೆ ಊರಿನಲ್ಲಿ ಕೆಲಸ ಸಿಕ್ಕಿತೆಂದು ಹೊರಟವನು ಗಾಜಿನ ಪೆಟ್ಟಿಗೆಯೊಂದನ್ನು ತಂದು ಮೇಜಿನ ಮೇಲಿಟ್ಟು, "ಒಂದು ವಾರ ನೋಡ್ಕೊಳ್ಳಿ ಆಂಟಿ, ಬಂದು ತಗೊಂಡು ಹೋಗ್ತೀನಿ" ಅಂದ. ಒಳಗೆ ಅಂಗೈಯಗಲದ ಟ್ಯಾರಂಟುಲಾ, ಮೈತುಂಬ ಕೂದಲು, ಎಂಟು ಕಾಲು. ಹೋದವನು ಹೋದ. ಅವನ ಫೋನ್ ನಂಬರೂ ಹೋಯಿತು.

ಮಾವ ನೀರಿನ ಮೀಟರ್ ಓದುವ ನೌಕರ. ಊರಿನ ನಾಯಿಗಳೆಲ್ಲ ಅವರನ್ನು ಕಂಡರೆ ಬೊಗಳುತ್ತವೆ, ಅವರು ಒಂದಕ್ಕೂ ಜಗ್ಗಿದವರಲ್ಲ. ಆದರೆ ಈ ಪೆಟ್ಟಿಗೆ ಕಂಡದ್ದೇ ಬಾಗಿಲಿಂದ ಒಳಗೆ ಕಾಲಿಡಲಿಲ್ಲ. "ನೋಡು, ಈ ಮನೇಲಿ ಒಂದೋ ಅದಿರ್ಬೇಕು, ಇಲ್ಲ ನಾನಿರ್ಬೇಕು" ಅಂದರು.

"ಅದಕ್ಕೆ ಹೋಗೋಕೆ ಬೇರೆ ಜಾಗ ಇಲ್ಲ. ನಿಮಗೆ ನಿಮ್ಮ ತಂಗಿ ಮನೆ ಇದೆ" ಅಂದಳು ಅತ್ತೆ, ಬಾಯಲ್ಲಿದ್ದ ಗುಂಡುಪಿನ್ನು ತೆಗೆಯದೆ.

ಹಾಗೆ ಅದು ಉಳಿಯಿತು. ಇಡೀ ದಿನ ಕೂತಲ್ಲೇ ಕೂತು, ಕರೆದರೂ ತಿರುಗದೆ, ತಂದಿಟ್ಟ ಜಿರಳೆಯನ್ನು ಮನಸ್ಸಿದ್ದರೆ ಮಾತ್ರ ಮುಟ್ಟುತ್ತಿದ್ದ ಅದಕ್ಕೆ ಅತ್ತೆ ಮಹಾರಾಯಿತಿ ಎಂದು ಹೆಸರಿಟ್ಟಳು. ಒಂದು ವಿಷಯದಲ್ಲಿ ಅವಳಿಗೆ ಅದರ ಮೇಲೆ ನಿಜವಾದ ಗೌರವವಿತ್ತು. ಅದೂ ತನ್ನಷ್ಟಕ್ಕೆ ನೂಲು ಹಾಕುತ್ತಿತ್ತು, ಯಾರೂ ಹೇಳಿಕೊಡದೆ. ಕೆಲಸ ಮುಗಿದ ಮೇಲೆ ಅತ್ತೆ ಪೆಟ್ಟಿಗೆಯ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ನಮಗೆ ಯಾರಿಗೂ ಹೇಳದ ಮಾತುಗಳನ್ನು ಅದಕ್ಕೆ ಹೇಳುತ್ತಿದ್ದಳೆಂದು ನನ್ನ ಗುಮಾನಿ.

ಆದರೆ ಸಾಕುವುದು ಹೇಗೆ? ಹಾಗಾಗಿ ಫೋನು ಬಂತು, ವಿಡಿಯೋ ಬಂತು. ಜೇಡ ಸಾಕುವವರು ಲೋಕದಲ್ಲಿ ಇಷ್ಟು ಜನ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಒಬ್ಬಳು ಮುಖದ ಮೇಲೆ ಜೇಡ ಬಿಟ್ಟುಕೊಂಡು ಹಾಡು ಹೇಳುತ್ತಿದ್ದಳು. ಒಬ್ಬ ತಾನು ಮಾತಾಡುವ ಬದಲು ಕಿರುಚುತ್ತಿದ್ದ. ಅತ್ತೆ ಇವರನ್ನೆಲ್ಲ ಜರಡಿ ಹಿಡಿದದ್ದು ತನ್ನದೇ ರೀತಿಯಲ್ಲಿ. ಆಡುವ ಮಾತಿನ ಕಡೆ ಅವಳ ಗಮನವಿರಲಿಲ್ಲ, ಹಿಂದೆ ತೂಗಿದ ಪರದೆಯ ಕಡೆ ಇತ್ತು.

"ಇವನನ್ನ ನೋಡು" ಅಂತ ಒಂದು ದಿನ ನನಗೆ ಫೋನು ತೋರಿಸಿದಳು. ಇಸ್ತ್ರಿ ಮಾಡಿದ ಅಂಗಿ, ಮೆಲುದನಿ, ಕನ್ನಡಕ. "ಹಿಂದೆ ನೆರಿಗೆ ನೋಡೆ, ಒಂದೊಂದೂ ಒಂದೇ ಅಳತೆ. ಒಳಗೆ ಲೈನಿಂಗ್ ಕೊಟ್ಟಿದಾನೆ. ಅಂಚು ನೆಲಕ್ಕೆ ಮುತ್ತಿಟ್ಟ ಹಾಗಿದೆ. ಇಷ್ಟು ಅಚ್ಚುಕಟ್ಟಾಗಿರೋನು ಬಾಯಿಗೆ ಬಂದದ್ದು ಹೇಳ್ತಾನಾ?"

ಅಂದಿನಿಂದ ಅವನು ಮೇಷ್ಟ್ರು. ಇನ್ನೊಬ್ಬನಿದ್ದ, ಗಡ್ಡದವನು, ಹಿಂದೆ ಕಿಟಕಿಗೆ ಹಳೆಯ ಬೆಡ್‌ಶೀಟು ಮೊಳೆ ಹೊಡೆದಿದ್ದ. ಅತ್ತೆ ಅವನಿಗೆ ಬೆಡ್‌ಶೀಟಣ್ಣ ಎಂದು ಹೆಸರಿಟ್ಟು, ಅವನು ನಮಸ್ಕಾರ ಹೇಳುವ ಮೊದಲೇ ಬೆರಳಿನಿಂದ ಪಕ್ಕಕ್ಕೆ ತಳ್ಳುತ್ತಿದ್ದಳು. ಕಿಟಕಿಗೆ ಮೊಳೆ ಹೊಡೆದವನ ಮುಖ ನೋಡುವುದೂ ಅವಳ ಕೈಲಾಗುತ್ತಿರಲಿಲ್ಲ.

ಸ್ವಲ್ಪ ಕಾಲದ ಮೇಲೆ ಮಹಾರಾಯಿತಿ ಊಟ ಬಿಟ್ಟಿತು. ಜಿರಳೆ ಮುಂದೆ ಬಂದು ಕುಣಿದರೂ ಕಾಲು ಎತ್ತಲಿಲ್ಲ. ಹೊಟ್ಟೆ ಕಪ್ಪಾಗುತ್ತ ಬಂತು. ಅತ್ತೆಗೆ ಸಂಕಟ. ಅದೇ ಹೊತ್ತಿಗೆ ಮೇಷ್ಟ್ರು ತಮ್ಮ ವಿಡಿಯೋದ ಕೊನೆಯಲ್ಲಿ, ಊಟ ಬಿಟ್ಟ ಜೇಡಕ್ಕೆ ನೀವೇನು ಮಾಡುತ್ತೀರಿ, ನಿಮ್ಮ ಅನುಭವ ಕೆಳಗೆ ಬರೆಯಿರಿ ಅಂದರು. ಕೆಳಗೆ ಒಬ್ಬ ಐದು ವರ್ಷದ ಅನುಭವ ಅಂತ ಬರೆದಿದ್ದ, ಇನ್ನೊಬ್ಬ ಹತ್ತು ವರ್ಷ. ಅತ್ತೆಗೆ ರೋಷ ಬಂತು. ಕನ್ನಡಕ ಏರಿಸಿ, ಒಂದೇ ಬೆರಳಿನಲ್ಲಿ ಕುಟ್ಟಿ ಬರೆದು ನನಗೆ ಓದಿ ಹೇಳಿದಳು:

"ಮೂವತ್ತು ವರ್ಷದ ಅನುಭವದಿಂದ ಹೇಳುತ್ತೇನೆ. ಊಟ ಬಿಟ್ಟದ್ದಕ್ಕೆ ಬಿಸಿ ತಾಗಿಸಿದರೆ ಹಸಿವಾಗುತ್ತದೆ. ದೀಪವನ್ನು ಮೇಲೆ ಒತ್ತಬಾರದು. ಮಖಮಲ್ ಪರದೆಗೆ ಹಬೆ ಹಿಡಿದ ಹಾಗೆ, ಒಂದು ಗೇಣು ಬಿಟ್ಟು, ಹಿಂಬದಿಯಿಂದ ಹಿಡಿಯಬೇಕು."

"ಮೂವತ್ತು ವರ್ಷ ಯಾವುದು ಅತ್ತೆ?" ಅಂದೆ.

"ಪರದೆದು. ಯಾವುದರ ಅನುಭವ ಅಂತ ಕೇಳಿದ್ರೆ ಹೇಳ್ತೀನಿ. ಕೇಳ್ಲಿ."

ಯಾರೂ ಕೇಳಲಿಲ್ಲ. ಅತ್ತೆ ಬರೆದಳೇ ಹೊರತು ಮಹಾರಾಯಿತಿಗೆ ದೀಪ ಇಡಲಿಲ್ಲ. ಅಷ್ಟು ದಡ್ಡಿಯಲ್ಲ. ತನ್ನ ಮಾತನ್ನೂ ಅವಳು ನಂಬುವವಳಲ್ಲ, ಇನ್ನೊಬ್ಬರು ಹೂಂ ಅನ್ನಬೇಕು.

ಕೆಲವು ದಿನ ಕಳೆದು ಮೇಷ್ಟ್ರ ಹೊಸ ವಿಡಿಯೋ ಬಂತು. ಆ ದಿನ ನಾನು ಯಾವುದೋ ಆಸ್ಪತ್ರೆಯಲ್ಲಿ ಏಣಿಯ ಮೇಲಿದ್ದೆ. ಅತ್ತೆ ಮೆಷಿನ್ ಓಡಿಸುತ್ತ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡಳಂತೆ. ದೀಪ ಅನ್ನುವ ಮಾತು ಬಿತ್ತು, ಅನುಭವಿಗಳು ಅನ್ನುವ ಮಾತು ಬಿತ್ತು, ಅಷ್ಟು ಸಾಕಾಯಿತು. ನನಗೆ ಫೋನ್ ಮಾಡಿ, "ನಾನು ಅಂದ್ಕೊಂಡಿದ್ದೇ ಸರಿ ಕಣೆ. ಮೇಷ್ಟ್ರೂ ದೀಪನೇ ಹಾಕಿ ಅಂತಾರೆ" ಅಂದಳು. ಅವಳ ದನಿಯಲ್ಲಿ ಅಂಥ ಸಂತೋಷ ನಾನು ಕೇಳಿದ್ದು ಅಪರೂಪ.

ಮರುದಿನ ಮಧ್ಯಾಹ್ನ ನಾನು ಡ್ರಿಲ್ ಚೀಲ ಹೊತ್ತು ಅಂಗಡಿಗೆ ಬಂದೆ. ಮೆಷಿನ್ ಸದ್ದಿರಲಿಲ್ಲ. ಹೊಲಿಗೆ ದೀಪ ಕತ್ತು ಬಗ್ಗಿಸಿ ಗಾಜಿನ ಪೆಟ್ಟಿಗೆಯ ಮೇಲೆ ಉರಿಯುತ್ತಿತ್ತು. ಪೆಟ್ಟಿಗೆಯೊಳಗೆ ಮಹಾರಾಯಿತಿ ಬೆನ್ನು ಕೆಳಗೆ ಮಾಡಿ, ಎಂಟೂ ಕಾಲು ಮೇಲೆತ್ತಿ ಬಿದ್ದಿತ್ತು. ನೀರಿನ ಬಟ್ಟಲು ಒಣಗಿತ್ತು. ಅತ್ತೆ ಗಾಜಿಗೆ ಮೂಗು ತಾಗಿಸಿ ಕೂತಿದ್ದಳು.

"ಹೋಯ್ತು ಅನ್ಸುತ್ತೆ" ಅಂದಳು. ಅಷ್ಟರಲ್ಲಿ ಒಂದು ಕಾಲು ಸಣ್ಣಗೆ ಅಲ್ಲಾಡಿತು. "ಇಲ್ಲ, ಜೀವ ಇದೆ. ಇರು, ಮೇಷ್ಟ್ರು ಮುಂದೇನು ಮಾಡಿ ಅಂದಿದಾರೋ ನೋಡೋಣ."

ಈ ಸಲ ಮೆಷಿನ್ ಓಡುತ್ತಿರಲಿಲ್ಲ. ಕೋಣೆ ನಿಶ್ಶಬ್ದವಾಗಿತ್ತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು: "ಸ್ನೇಹಿತರೇ, ಮೂವತ್ತು ವರ್ಷ ಅನುಭವ ಇರುವ ಸಾಕಣೆದಾರರ ವಿಧಾನ ಇದು. ದೀಪ ಒಂದು ಗೇಣು ಮೇಲಿರಲಿ. ಮಖಮಲ್ ಪರದೆಗೆ ಹಬೆ ಹಿಡಿದ ಹಾಗೆ, ಹಿಂಬದಿಯಿಂದ."

ಅತ್ತೆಯ ಬೆರಳು ಫೋನಿನ ಮೇಲೆ ನಿಂತಿತು. ಹಿಂದಕ್ಕೆ ಎಳೆದು ಇನ್ನೊಮ್ಮೆ ಕೇಳಿದಳು. ಮತ್ತೂ ಒಮ್ಮೆ.

"ಮಖಮಲ್ಲಿಗೆ ಹಿಂದಿನಿಂದ ಹಬೆ ಹಿಡೀಬೇಕು ಅಂತ ಇವನಿಗೆ ಯಾರು ಹೇಳಿದ್ರು?" ಅಂದಳು.

ನಾನು ಡ್ರಿಲ್ ಚೀಲ ಕೆಳಗಿಳಿಸಿದೆ.

"ಇವನ ಮನೇಲಿ ಇರೋದು ಬರೀ ಹತ್ತಿ ಪರದೆ. ಮಖಮಲ್ ಮುಟ್ಟಿದವನಲ್ಲ ಇವನು." ಕೈ ಚಾಚಿ ದೀಪ ಆರಿಸಿದಳು. "ನನ್ನ ಮಾತನ್ನೇ ನಾನು ಇವನ ಬಾಯಲ್ಲಿ ಕೇಳ್ಕೊಂಡಿದೀನಿ ಕಣೆ. ಇವನು ಬರೀ ಅಂಚೆಯವನು."

ಬೇರೆ ದಿನವಾಗಿದ್ದರೆ ನಾನು ನೆಲದ ಮೇಲೆ ಹೊರಳಾಡಿ ನಗುತ್ತಿದ್ದೆ. ಆದರೆ ಅತ್ತೆ ಪೆಟ್ಟಿಗೆಯಿಂದ ಕಣ್ಣು ಕೀಳಲಿಲ್ಲ. ಆ ಕೂದಲಿನ ಪ್ರಾಣಿಯ ಮೇಲೆ ನನಗೇನೂ ಮೋಹವಿರಲಿಲ್ಲ, ಅತ್ತೆಯ ಮೇಲೆ ಇತ್ತು.

ಫೋನು ಕಸಿದುಕೊಂಡು ನಾನೇ ಹುಡುಕಿದೆ. ಮೊದಲು ಸಿಕ್ಕಿದವನೇ ಬೆಡ್‌ಶೀಟಣ್ಣ. ಅತ್ತೆ ಈ ಸಲ ಪಕ್ಕಕ್ಕೆ ತಳ್ಳಲಿಲ್ಲ. ಅವನ ಅಂಗೈಯಲ್ಲಿ ಒಂದು ಸತ್ತ ಜೇಡವಿತ್ತು. "ಇದು ನನ್ನ ಮೊದಲನೇದು. ನಾನೇ ಕೊಂದದ್ದು" ಅಂತ ಶುರುಮಾಡಿದ. "ಬೆನ್ನ ಮೇಲೆ ಮಲಗಿದ್ರೆ ಸತ್ತಿದೆ ಅಂತಲ್ಲ, ಪೊರೆ ಬಿಡ್ತಾ ಇದೆ ಅಂತ. ಅದಕ್ಕೆ ಮೊದಲು ಊಟಾನೂ ಬಿಡುತ್ತೆ. ನನಗೆ ಗೊತ್ತಿರ್ಲಿಲ್ಲ, ಬಿಸಿ ಕೊಟ್ಟೆ, ಒಣಗಿಹೋಯ್ತು. ಸತ್ತಿದ್ದು ಹೀಗಿರುತ್ತೆ, ನೋಡಿ. ಹೊಟ್ಟೆ ಕೆಳಗೆ, ಕಾಲೆಲ್ಲ ಒಳಕ್ಕೆ ಮುದುಡಿ. ಬೆನ್ನ ಮೇಲಿದ್ರೆ ಮುಟ್ಬೇಡಿ. ಹತ್ರ ನೀರಿರ್ಲಿ. ಆಮೇಲೆ ಏನಾಗುತ್ತೆ ಅಂದ್ರೆ ನನಗೂ ಗೊತ್ತಿಲ್ಲ, ಕಾಯ್ಬೇಕು ಅಷ್ಟೆ."

ಹಿಂದೆ ಬೆಡ್‌ಶೀಟು ಒಂದು ಮೊಳೆಯಿಂದ ಕಳಚಿ ನೇತಾಡುತ್ತಿತ್ತು. ಅತ್ತೆ ಅದನ್ನು ನೋಡಿಯೂ ನೋಡದವಳಂತೆ ಹೋಗಿ ಬಟ್ಟಲಿಗೆ ನೀರು ತುಂಬಿದಳು.

ಕೆಲಸ ಮುಗಿಸಿ ಬಂದ ಮಾವ ಬಾಗಿಲಲ್ಲೇ ನಿಂತರು. ಮೆಷಿನ್ ನಿಂತಿರುವುದನ್ನು, ಹೆಂಡತಿ ಸುಮ್ಮನೆ ಕೂತಿರುವುದನ್ನು ಒಟ್ಟಿಗೆ ಅವರು ಎಂದೂ ಕಂಡಿರಲಿಲ್ಲ. "ಏನಾಯ್ತು?" ಅಂತ ನನ್ನನ್ನು ಕಣ್ಣಲ್ಲೇ ಕೇಳಿದರು. ಹೇಳಿದೆ. ಅವರು ಗೋಡೆಗೆ ಬೆನ್ನು ಉಜ್ಜುತ್ತ, ಪೆಟ್ಟಿಗೆಯಿಂದ ಆದಷ್ಟೂ ದೂರವಾಗಿ ಕಿಟಕಿಯ ತನಕ ಬಂದು ಪರದೆ ಎಳೆದರು.

"ಬಿಸಿಲು ಬೀಳ್ತಿತ್ತು ಅದರ ಮೇಲೆ" ಅಂದರು, ಯಾರೋ ಆಕ್ಷೇಪಣೆ ಮಾಡಿದ ಹಾಗೆ. ಬಂದ ದಾರಿಯಲ್ಲೇ ಗೋಡೆ ಉಜ್ಜುತ್ತ ಹೋದರು.

ಸಂಜೆಯ ಹೊತ್ತಿಗೆ ಮಹಾರಾಯಿತಿ ಹಳೆಯ ಮೈಯಿಂದ ಹೊರಬಂತು. ಕೈಗವಸು ಕಳಚುವ ಹಾಗೆ, ಒಂದೊಂದೇ ಕಾಲು. ಏಳು ಸಲೀಸಾಗಿ ಬಂದವು, ಎಂಟನೆಯದು ಒಣಗಿ ಒಳಗೇ ಸಿಕ್ಕಿಕೊಂಡು ಮುರಿದುಹೋಯಿತು. ಅತ್ತೆ ನಕ್ಕಳು, ಕಣ್ಣೊರೆಸಿಕೊಂಡಳು, ಮೂಗು ಸೀನಿದಳು. ಮೂರೂ ಹೆಚ್ಚುಕಡಿಮೆ ಒಟ್ಟಿಗೆ.

ಆಮೇಲೆ ಫೋನು ತೆಗೆದು ಮೇಷ್ಟ್ರ ವಿಡಿಯೋದ ಕೆಳಗೆ ಕಣ್ಣಾಡಿಸಿದಳು. ನಗು ಅಲ್ಲೇ ನಿಂತಿತು. ಜನ ಸಾಲುಗಟ್ಟಿ ಬರೆದಿದ್ದರು. ಇವತ್ತೇ ದೀಪ ತಂದೆ ಸರ್. ಅನುಭವಿಗಳಿಗೆ ಧನ್ಯವಾದ. ಒಂದು ಗೇಣು ಅಂದರೆ ದೊಡ್ಡವರ ಗೇಣೋ, ಮಕ್ಕಳ ಗೇಣೋ?

ಜೀವಮಾನದಲ್ಲಿ ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳಿದವಳಲ್ಲ ನಮ್ಮ ಅತ್ತೆ. ಒಂದೇ ಬೆರಳಿನಲ್ಲಿ ಕುಟ್ಟಿದಳು: "ಆ ಮೂವತ್ತು ವರ್ಷದವಳು ನಾನೇ. ನನಗೆ ಜೇಡದ ಅನುಭವ ಇಲ್ಲ. ಬಾಯಿಗೆ ಬಂದದ್ದು ಬರೆದೆ. ದೀಪ ಆರಿಸಿ."

ಸ್ವಲ್ಪ ಹೊತ್ತಿಗೆ ಯಾರೋ ಉತ್ತರ ಬರೆದರು: "ಅಮ್ಮಾ, ಮೂವತ್ತು ವರ್ಷ ಅನುಭವ ಇರೋರೇ ದೀಪ ಹಾಕಿ ಅಂದಿದಾರೆ. ನೀವ್ಯಾರು ಬೇಡ ಅನ್ನೋಕೆ? ಗೊತ್ತಿಲ್ಲದಿದ್ರೆ ಮೇಷ್ಟ್ರ ವಿಡಿಯೋ ನೋಡಿ ಕಲೀರಿ."

ಆಗ ನನ್ನಿಂದ ತಡೆಯಲಾಗಲಿಲ್ಲ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಒಳಗಿನ ಕೋಣೆಯಿಂದ ಮಾವನೂ ನಕ್ಕದ್ದು ಕೇಳಿಸಿತು. ಅತ್ತೆ ಮಾತ್ರ ನಗಲಿಲ್ಲ. ಮೇಷ್ಟ್ರಿಗೇ ಒಂದು ಬರೆದಳು. ಅವರು ಅದಕ್ಕೊಂದು ಕೆಂಪು ಹೃದಯ ಒತ್ತಿ ಮುಂದೆ ಹೋದರು. ವಿಡಿಯೋ ಹಾಗೇ ಇತ್ತು.

ಸೆರಗು ಸಿಕ್ಕಿಸಿಕೊಂಡು ಕೂತಳು ನೋಡಿ. ದೀಪ ತಂದೆ ಅಂದ ಒಬ್ಬೊಬ್ಬರ ಕೆಳಗೂ ಪ್ರತ್ಯೇಕವಾಗಿ ಬರೆದಳು. "ಆರಿಸಿದೆಯಾ ಮಗಾ?" "ಆರಿಸಮ್ಮ." "ನನ್ನದರ ಒಂದು ಕಾಲು ಹೋಯಿತು, ಆರಿಸಿ." ಕೆಲವರು ಬೈದರು. ಕೆಲವರು ಆರಿಸಿದರು. ಮರುದಿನದ ಹೊಲಿಗೆ ಮೇಜಿನ ಮೇಲೆ ಹಾಗೇ ಬಿದ್ದಿತ್ತು.

ಒಬ್ಬ ಹುಡುಗಿಯ ಉತ್ತರ ಬಂತು. "ಆಂಟಿ, ನನ್ನದು ಬೆಳಗ್ಗೆಯಿಂದ ಅಲ್ಲಾಡ್ತಿಲ್ಲ. ಪೊರೆ ಬಿಡ್ತಿರಬಹುದಾ?"

"ಹೇಗೆ ಮಲಗಿದೆ?" ಅಂತ ಕೇಳಿದಳು ಅತ್ತೆ.

"ಹೊಟ್ಟೆ ಕೆಳಗೆ. ಕಾಲೆಲ್ಲ ಒಳಕ್ಕೆ ಮುದುಡಿದೆ."

ಅತ್ತೆ ಫೋನನ್ನು ಮಡಿಲಲ್ಲಿಟ್ಟುಕೊಂಡಳು. ನಾನು ಏನಾದರೂ ಸಮಾಧಾನದ ಮಾತು ಬರಿ ಅಂದೆ. ಅವಳು ನನ್ನ ಕಡೆ ನೋಡದೆ ಬರೆದಳು: "ಅದು ಸತ್ತಿದೆ ಮಗಳೇ. ನನ್ನ ಮಾತಿನಿಂದ ಸತ್ತದ್ದು. ನಿನಗೆ ಏನು ಬೈಬೇಕು ಅನ್ಸುತ್ತೋ ಬೈದುಬಿಡು."

ಹುಡುಗಿ ಬೈಯಲಿಲ್ಲ. ಸ್ವಲ್ಪ ತಡವಾಗಿ ಬರೆದಳು: "ನಾನೂ ನಮ್ಮ ಗುಂಪಿನಲ್ಲಿ ಎಲ್ಲರಿಗೂ ಇದನ್ನೇ ಹೇಳಿಬಿಟ್ಟಿದ್ದೀನಿ ಆಂಟಿ. ನನ್ನ ಸ್ವಂತ ಅನುಭವ ಅಂತ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.

"ಹಾಗಾದ್ರೆ ಆ ಗುಂಪಿಗೆ ನನ್ನನ್ನೂ ಸೇರಿಸು" ಅಂತ ಬರೆದಳು.