ನಮ್ಮಿಬ್ಬರ ಒಂದೇ ಮಷೀನು

ಗಿರಿಜಾ, ನಿನ್ನ ಸಂಬಂಧ ಮುರಿದವಳು ನಾನೇ. ನಿನ್ನ ಗದ್ದದ ಕೂದಲಿನ ಮಾತನ್ನು ಮುಧೋಳದವರ ಕಿವಿಗೆ ಹಾಕಿದ್ದು ಬೇರೆ ಯಾರೂ ಅಲ್ಲ. ನಿನಗೆ ಗೊತ್ತಿತ್ತು — ನಾನೇ ಇಷ್ಟು ವರ್ಷ ಬಾಯಿಬಿಟ್ಟು ಹೇಳಲಿಲ್ಲ.

ಮುಖದ ಕೂದಲು ತೆಗೆಯುವ ಆ ಲಿಪ್‌ಸ್ಟಿಕ್‌ನಷ್ಟು ಮಷೀನನ್ನು ಜಮಖಂಡಿಗೆ ಹೋಗಿ ಇಬ್ಬರೂ ಕೂಡಿಯೇ ತಂದಿದ್ದೆವು. ಕೂದಲು ಇಬ್ಬರಿಗೂ ಇತ್ತಲ್ಲ! ಬನಹಟ್ಟಿಯ ನಮ್ಮ ಮನೆಯಲ್ಲಿ ಅಪ್ಪನ ಮಗ್ಗಗಳು ಶುರುವಾದ ಮೇಲೆಯೇ ಅದರ ಗುಂಡಿ ಒತ್ತುತ್ತಿದ್ದೆವು. ಆ ಖಟಪಟದಲ್ಲಿ ಇದರ ಗುಂಯ್ ಎನ್ನುವ ಸದ್ದು ಯಾರಿಗೂ ಕೇಳುತ್ತಿರಲಿಲ್ಲ. ನನ್ನ ಗದ್ದ ಎತ್ತಿ ಹಿಡಿದು, "ಅಲ್ಲಾಡಬ್ಯಾಡ ಬೇ," ಎಂದು ಬೈಯುತ್ತ ನೀನೇ ತೆಗೆಯುತ್ತಿದ್ದೆ.

ಮುಧೋಳದ ಹುಡುಗ ನಿನ್ನನ್ನು ನೋಡಿ ಒಪ್ಪಿಕೊಂಡು ಹೋದ. ನಿನಗೂ ಅವನು ಮನಸ್ಸಿಗೆ ಬಂದಿದ್ದ. ಮೂರು ದಿನ ಅವನದೇ ಮಾತು. ಆಮೇಲೆ ಅವನ ತಾಯಿ, ಹುಡುಗಿ ಹೇಗೆ ಎಂದು ಓಣಿಯಲ್ಲಿ ವಿಚಾರಿಸಲು, ನಮ್ಮ ಮನೆಗೆ ಬಂದರು. ಚಹಾ ಕೊಟ್ಟೆ.

"ಹುಡುಗಿ ಭಾಳ ಛಲೋ ಅದಾಳ್ರಿ. ಖರೆ... ಗಡ್ಡ ಬರ್ತೈತ್ರಿ ಆಕಿಗೆ. ಮಷೀನಿಲೆ ತಗೀತಾಳ."

ಹಾಗೆ ಹೇಳುವಾಗ ನನ್ನ ಗದ್ದ — ಅಂದು ಬೆಳಿಗ್ಗೆ ನಿನ್ನ ಕೈಯಿಂದಲೇ ನುಣ್ಣಗಾದದ್ದು. ಯಾಕೆ ಹೇಳಿದೆ? ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಲ್ಲ.

ತಿಂಗಳೊಳಗೆ ಅದೇ ತಾಯಿ ಅದೇ ಮಗನಿಗೆ ನನ್ನನ್ನು ಕೇಳಿಕೊಂಡು ಬಂದರು. ನಾನು ಹೂಂ ಎಂದೆ. ಹೂಂ ಎಂದುಬಿಟ್ಟೆನಲ್ಲ, ಗಿರಿಜಾ!

ನಿನ್ನ ಹತ್ತಿರವಿದ್ದ ಮಷೀನನ್ನು ನೀನೇ ತಂದು ನನ್ನ ಕೈಗಿಟ್ಟೆ. ಬ್ರಷ್‌ನಿಂದ ಸ್ವಚ್ಛ ಮಾಡಿ, ಹೊಸ ಸೆಲ್ ಹಾಕಿದ್ದೆ. "ತಗೋ. ಅಲ್ಲಿ ನಿನಗ ಬೇಕಾಗ್ತೈತಿ," ಎಂದೆ. ನೀನು ನಾಲ್ಕು ಬೈದಿದ್ದರೆ ನಾನು ತಿರುಗಿ ಬೈಯಬಹುದಿತ್ತು, ಏನಾದರೂ ಸುಳ್ಳು ಹೇಳಬಹುದಿತ್ತು...

ಮುಧೋಳದ ಈ ಮನೆಯಲ್ಲಿ ಮಗ್ಗ ಇಲ್ಲ. ಬಚ್ಚಲ ಬಾಗಿಲು ಹಾಕಿ, ನಳ ಜೋರಾಗಿ ಬಿಟ್ಟು, ಆರು ವರ್ಷದಿಂದ ಕದ್ದು ತೆಗೆದುಕೊಳ್ಳುತ್ತೇನೆ. ನೀನು ಒಂದೇ ಮಾತು ಆಡಿದ್ದರೂ ನನ್ನ ಮದುವೆಯೂ ನಿಂತುಹೋಗುತ್ತಿತ್ತು. ನೀನು ಆಡಲಿಲ್ಲ.

ಇವತ್ತು ಬೇಕೆಂದೇ ನಳ ಬಿಡಲಿಲ್ಲ. "ಏನ ಬೇ ಅದು ಸಪ್ಪಳ?" ಎಂದು ಅತ್ತೆ ಹೊರಗಿನಿಂದ ಕೇಳಿದರು. ಬಾಗಿಲು ತೆಗೆದು ಮಷೀನು ತೋರಿಸಿದೆ.

"ಗಿರಿಜಾಗ ಐತಿ ಅಂದಿದ್ನಲ್ರಿ, ಅದು ನನಗೂ ಐತ್ರಿ."

ಅವರು ಅರ್ಧ ಕೂದಲು ತೆಗೆದ ನನ್ನ ಗದ್ದವನ್ನೇ ನೋಡುತ್ತ ನಿಂತರು. ಆಮೇಲೆ ಕೇಳಿದರು: "ಹಂಗಾರ ಆ ಹುಡುಗೀದು ಏನ್ ತಪ್ಪಿತ್ತ?"

"ಏನೂ ಇರಲಿಲ್ರಿ," ಎಂದೆ.

ಚಹಾ ಕೊಟ್ಟ ದಿನವೇ ಹೇಳಬೇಕಾಗಿದ್ದ ಮಾತು ಅದು, ಗಿರಿಜಾ.